ಅಸಾಟೀಗ್‌ನ ಕಾಡು ಪೋನಿಗಳನ್ನು ಹಿನ್ನೀರಿನಿಂದ ಏಕೆ ನೋಡಬೇಕು

ವಾಷಿಂಗ್ಟನ್, ಬಾಲ್ಟಿಮೋರ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಓಷನ್ ಸಿಟಿಯ ಮಾತು ಬಂದೇ ಬರುತ್ತದೆ. ಊರಿಂದ ಅಪ್ಪ-ಅಮ್ಮ ಬಂದಿದ್ದರಂತೂ ಕಡಲು ತೋರಿಸಲು ಅಲ್ಲಿಗೇ ಕರೆದುಕೊಂಡು ಹೋಗುವುದು ವಾಡಿಕೆ. ಆ ಊರಿನಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರದಲ್ಲಿ ಅಸಾಟೀಗ್ ದ್ವೀಪ ಶುರುವಾಗುತ್ತದೆ. ಮೇರಿಲ್ಯಾಂಡ್‌ನಲ್ಲಿ ಆರಂಭವಾಗಿ ವರ್ಜೀನಿಯಾದಲ್ಲಿ ಮುಗಿಯುವ, ಸುಮಾರು 60 ಕಿ.ಮೀ. ಉದ್ದದ ಮರಳಿನ ಪಟ್ಟಿ ಅದು. ಯಾರ ಲಾಯದಲ್ಲೂ ಕಟ್ಟದ, ಯಾರೂ ಸವಾರಿ ಮಾಡದ ಕುದುರೆಗಳು ಅಲ್ಲಿ ಮುನ್ನೂರಕ್ಕೂ ಹೆಚ್ಚು ವರ್ಷಗಳಿಂದ ಇವೆ ಎಂಬುದು ಆ ದ್ವೀಪದ ಹೆಸರು ಎಲ್ಲೆಡೆ ಹಬ್ಬಲು ಕಾರಣ.

ಸೇತುವೆ ದಾಟಿ ಹೋದವರಲ್ಲಿ ಹೆಚ್ಚಿನವರು ನೋಡಿ ಬರುವುದು ಪಾರ್ಕಿಂಗ್ ಜಾಗದಲ್ಲಿ ಕಾರಿನ ಕಿಟಕಿಗೆ ಮೂತಿ ಚಾಚಿದ ಕುದುರೆಯನ್ನು, ಇಲ್ಲವೇ ಕ್ಯಾಂಪಿನಲ್ಲಿ ಯಾರದೋ ಬ್ರೆಡ್ ಪೊಟ್ಟಣ ಹರಿಯುತ್ತಿರುವ ಕುದುರೆಯನ್ನು. ಫೋಟೊ ಚೆನ್ನಾಗಿಯೇ ಬರುತ್ತದೆ. ಆದರೆ ಈ ಪ್ರಾಣಿ ಇಷ್ಟು ಕಾಲ ಇಲ್ಲಿ ಹೇಗೆ ಬದುಕಿತು ಎಂಬುದರ ಸುಳಿವು ಆ ಫೋಟೊದಲ್ಲಿ ಸಿಗುವುದಿಲ್ಲ. ಅದಕ್ಕೆ ದ್ವೀಪದ ಹಿಂಬದಿಗೆ ಹೋಗಬೇಕು. ಅಲ್ಲಿನ ಹಿನ್ನೀರಿನಲ್ಲಿ ಕಯಾಕ್ ಅಥವಾ ಚಿಕ್ಕ ದೋಣಿಯಲ್ಲಿ ಕೂತು ನೋಡಬೇಕು. ಕುದುರೆ ಯಾವ ಹೊತ್ತಿಗೆ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂಬುದನ್ನೆಲ್ಲ ಅಲ್ಲಿ ತೀರ್ಮಾನಿಸುವುದು ಮರಳು, ಉಪ್ಪು, ಸಿಹಿನೀರು ಮತ್ತು ನೊಣ. ಈ ನಾಲ್ಕೂ ಒಟ್ಟಿಗೆ ಕಣ್ಣಿಗೆ ಬೀಳುವುದು ನೀರಿನ ಕಡೆಯಿಂದ ಮಾತ್ರ.

ಬಿರುಗಾಳಿ ಕಟ್ಟಿದ ಹುಲ್ಲುಗಾವಲು

ಮಲ್ಪೆಯ ಪಡುಕೆರೆಯನ್ನೋ ಕೋಡಿ ಬೆಂಗ್ರೆಯನ್ನೋ ಕಂಡವರಿಗೆ ಅಸಾಟೀಗ್‌ನ ನೆಲದ ರಚನೆ ಬೇಗ ಅರ್ಥವಾಗುತ್ತದೆ. ಒಂದು ಬದಿಗೆ ತೆರೆದ ಕಡಲು, ಇನ್ನೊಂದು ಬದಿಗೆ ಅಲೆಯಿಲ್ಲದ ಶಾಂತ ನೀರು, ನಡುವೆ ಕಿರಿದಾದ ಮರಳು. ಅಲ್ಲಿ ದಿಕ್ಕು ಮಾತ್ರ ತಿರುಗುಮುರುಗು. ಕಡಲು ಪೂರ್ವಕ್ಕೆ, ಹಿನ್ನೀರು ಪಶ್ಚಿಮಕ್ಕೆ. ಇನ್ನೊಂದು ವ್ಯತ್ಯಾಸವೆಂದರೆ ಅಲ್ಲಿನ ಹಿನ್ನೀರು ನದಿಯದ್ದಲ್ಲ. ದ್ವೀಪಕ್ಕೂ ಮುಖ್ಯ ನೆಲಕ್ಕೂ ನಡುವೆ ಸಿಕ್ಕಿಕೊಂಡ ಕಡಲಿನದೇ ಭಾಗ. ಉತ್ತರದಲ್ಲಿ ಅದಕ್ಕೆ ಸಿನೆಪಕ್ಸೆಂಟ್ ಕೊಲ್ಲಿ ಎಂದೂ ದಕ್ಷಿಣದಲ್ಲಿ ಶಿಂಕಟೀಗ್ ಕೊಲ್ಲಿ ಎಂದೂ ಹೆಸರು. ತುಂಬ ಕಡೆ ಆಳ ಎದೆಮಟ್ಟವನ್ನೂ ಮೀರುವುದಿಲ್ಲ.

ಇಂಥ ದ್ವೀಪ ನಿಂತಲ್ಲಿ ನಿಲ್ಲುವುದಿಲ್ಲ. ದಡದ ಗುಂಟ ಹರಿಯುವ ನೀರು ಮರಳನ್ನು ಹೊತ್ತು ದಕ್ಷಿಣಕ್ಕೆ ಸಾಗಿಸುತ್ತಲೇ ಇರುತ್ತದೆ. ದೊಡ್ಡ ಬಿರುಗಾಳಿ ಬಂದಾಗ ಅಲೆ ಮರಳದಿಬ್ಬವನ್ನು ಒಡೆದು, ಮರಳನ್ನೆಲ್ಲ ದ್ವೀಪದ ಮೇಲಿನಿಂದ ಆಚೆಗೆ ತಳ್ಳಿ ಹಿನ್ನೀರಿನ ಬದಿಗೆ ಬೀಸಣಿಗೆಯಂತೆ ಹರಡುತ್ತದೆ. ಕಡಲ ಬದಿಯಲ್ಲಿ ದ್ವೀಪ ಸವೆಯುತ್ತದೆ, ಹಿನ್ನೀರಿನ ಬದಿಯಲ್ಲಿ ಬೆಳೆಯುತ್ತದೆ. ಹೀಗೆ ಇಡೀ ದ್ವೀಪ ಮಗುಚಿಕೊಳ್ಳುತ್ತ ಪಶ್ಚಿಮಕ್ಕೆ ಸರಿಯುತ್ತದೆ. 1933ರ ಚಂಡಮಾರುತ ಓಷನ್ ಸಿಟಿಯ ದಕ್ಷಿಣ ತುದಿಯಲ್ಲಿ ಹೊಸ ಅಳಿವೆಯನ್ನು ಸೀಳಿತು. ಅಲ್ಲಿಯವರೆಗೆ ಅಸಾಟೀಗ್ ಮತ್ತು ಓಷನ್ ಸಿಟಿ ಒಂದೇ ಮರಳಪಟ್ಟಿಯಾಗಿದ್ದವು. ಮೀನುಗಾರಿಕೆಗೆ ಅನುಕೂಲವೆಂದು ಆ ಅಳಿವೆ ಮುಚ್ಚದಂತೆ ಎರಡೂ ಕಡೆ ಕಲ್ಲಿನ ತಡೆಗೋಡೆ ಕಟ್ಟಿದರು. ಉತ್ತರದಿಂದ ಬರುತ್ತಿದ್ದ ಮರಳು ಅಲ್ಲೇ ನಿಂತುಹೋಯಿತು. ಮರಳಿನ ಪೂರೈಕೆ ತಪ್ಪಿದ ಅಸಾಟೀಗ್‌ನ ಉತ್ತರದ ತುದಿ ಅಂದಿನಿಂದ ಇಂದಿನವರೆಗೆ ಹೆಚ್ಚುಕಡಿಮೆ ತನ್ನ ಅಗಲದಷ್ಟೇ ಹಿಂದಕ್ಕೆ ಸರಿದಿದೆ.

ಕುದುರೆಗೂ ಇದಕ್ಕೂ ಇರುವ ನಂಟು ಹುಲ್ಲಿನದು. ಹಿನ್ನೀರಿನ ಬದಿಗೆ ಬಂದು ಬಿದ್ದ ಮರಳು ಆಳವಿಲ್ಲದ ಜಗಲಿಯಾಗುತ್ತದೆ. ಭರತದಲ್ಲಿ ಮುಳುಗಿ ಇಳಿತದಲ್ಲಿ ಮೇಲೆ ಕಾಣುವ ಆ ಜಗಲಿಯ ಮೇಲೆ ಉಪ್ಪುನೀರಿಗೆ ಒಗ್ಗಿದ ಕಾರ್ಡ್‌ಗ್ರಾಸ್ ಎಂಬ ಹುಲ್ಲು ಬೇರುಬಿಡುತ್ತದೆ. ಹುಲ್ಲಿನ ಬುಡದಲ್ಲಿ ಕೆಸರು ನಿಲ್ಲುತ್ತದೆ, ಕೆಸರಿನಲ್ಲಿ ಇನ್ನಷ್ಟು ಹುಲ್ಲು ಹುಟ್ಟುತ್ತದೆ. ಹಾಗೆ ಬೆಳೆದ ಜೌಗೇ ಈ ಕುದುರೆಗಳ ಮುಖ್ಯ ಮೇವು. ಕಡಲಕರೆಯ ದಿಬ್ಬದ ಹುಲ್ಲು, ಬೇಬೆರಿ ಗಿಡದ ಚಿಗುರು, ಕಾಡುಗುಲಾಬಿಯ ಕಾಯಿ, ಮನುಷ್ಯ ಮುಟ್ಟಿದರೆ ಮೈಯೆಲ್ಲ ಬೊಬ್ಬೆ ಬರಿಸುವ ಪಾಯ್ಸನ್ ಐವಿ ಬಳ್ಳಿಯನ್ನೂ ಅವು ಮೇಯುತ್ತವೆ. ಆದರೂ ಹೊಟ್ಟೆ ತುಂಬುವುದು ಜೌಗಿನಲ್ಲೇ.

ರಸ್ತೆಯಿಂದ ಕುದುರೆ ಸರಿಯಾಗಿ ಕಾಣದಿರುವ ಕಾರಣವೂ ಇಲ್ಲಿಯೇ ಇದೆ. ಕಡಲ ಕಡೆಯಿಂದ ಎಣಿಸಿದರೆ ಮೊದಲು ಕರೆ, ಆಮೇಲೆ ದಿಬ್ಬ, ಪೊದೆ, ಪೈನ್ ಮರಗಳ ಕಾಡು, ಕೊನೆಗೆ ಜೌಗು. ವಾಹನದ ರಸ್ತೆ ದಿಬ್ಬಕ್ಕೂ ಪೊದೆಗೂ ಹತ್ತಿರ ಇರುವುದರಿಂದ ಜೌಗು ಗಿಡಮರಗಳ ಹಿಂದೆ ಮರೆಯಾಗುತ್ತದೆ. ನಡೆದು ಹೋಗೋಣವೆಂದರೆ ಮೊಣಕಾಲವರೆಗೆ ಹೂತುಕೊಳ್ಳುವ ಕೆಸರು, ಉಣ್ಣೆಹುಳ. ಹಿನ್ನೀರಿನಲ್ಲಿ ದೋಣಿ ನಿಲ್ಲಿಸಿದವರಿಗೆ ಅದೇ ಜೌಗು ಕಣ್ಣೆದುರಿಗೆ ಬಯಲಾಗಿ ತೆರೆದುಕೊಂಡಿರುತ್ತದೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು

ದಡದ ಹುಲ್ಲಿನ ಹತ್ತಿರ ಕಯಾಕ್ ತಂದು ಒಂದು ಎಲೆಯನ್ನು ಬಾಗಿ ನೋಡಿ. ಒಣ ಹವೆಯ ದಿನವಾದರೆ ಎಲೆಯ ಉದ್ದಕ್ಕೂ ಬಿಳಿಯ ಹರಳು ಅಂಟಿಕೊಂಡಿರುತ್ತದೆ. ಬೆರಳಿನಿಂದ ಸವರಿ ನಾಲಿಗೆಗೆ ಇಟ್ಟರೆ ಬರಿ ಉಪ್ಪು. ಕಡಲ ನೀರನ್ನು ಹೀರುವ ಕಾರ್ಡ್‌ಗ್ರಾಸ್ ತನಗೆ ಬೇಡದ ಉಪ್ಪನ್ನು ಎಲೆಯ ಮೇಲಿನ ಸಣ್ಣ ಗ್ರಂಥಿಗಳ ಮೂಲಕ ಹೊರಗೆ ಹಾಕುತ್ತದೆ. ಕುದುರೆ ದಿನವಿಡೀ ಮೇಯುವುದು ಇದನ್ನೇ.

ಇಷ್ಟು ಉಪ್ಪು ಒಳಗೆ ಹೋದ ಮೇಲೆ ಅದನ್ನು ಹೊರಹಾಕಲು ನೀರು ಬೇಕು. ಮುಖ್ಯ ನೆಲದ ಕುದುರೆಗಳು ಕುಡಿಯುವುದರ ಸುಮಾರು ಎರಡರಷ್ಟು ಸಿಹಿನೀರನ್ನು ಅಸಾಟೀಗ್‌ನ ಕುದುರೆ ಕುಡಿಯುತ್ತದೆ. ಅದರ ಹೊಟ್ಟೆ ಉಬ್ಬಿ ಜೋತಂತೆ ಕಾಣುವುದು ಈ ಕಾರಣಕ್ಕೆ. ದೋಣಿಯಲ್ಲಿ ಕೂತವರು "ಅಯ್ಯೋ, ಎಲ್ಲವೂ ಗಬ್ಬವೇ!" ಎಂದು ಹೇಳುವುದನ್ನು ಕೇಳಿದ್ದೇನೆ. ಗಂಡು ಕುದುರೆಗಳ ಹೊಟ್ಟೆಯೂ ಹಾಗೆಯೇ ಇರುತ್ತದೆ. ಮೇವಿನಲ್ಲಿ ಸತ್ವ ಕಡಿಮೆ, ಉಪ್ಪು ಹೆಚ್ಚು. ಹೀಗಾಗಿ ತಲೆಮಾರುಗಳಿಂದ ಮೈಕಟ್ಟು ಗಿಡ್ಡವಾಗಿ ಉಳಿದಿದೆ. ವಂಶದಿಂದ ಇವು ಕುದುರೆಗಳೇ. ಎತ್ತರ ನೋಡಿ ಜನ ಪೋನಿ ಎನ್ನುತ್ತಾರೆ. ಭುಜದ ಹತ್ತಿರ ಅಳೆದರೆ ಹೆಚ್ಚಿನವು ನಾಲ್ಕು ಅಡಿಯ ಆಸುಪಾಸು.

ಹಾಗಾದರೆ ಸುತ್ತ ಉಪ್ಪುನೀರೇ ಇರುವ ಮರಳಿನ ಪಟ್ಟಿಯಲ್ಲಿ ಸಿಹಿನೀರು ಎಲ್ಲಿಂದ ಬರುತ್ತದೆ? ಕರಾವಳಿಯ ಬೆಂಗ್ರೆಗಳಲ್ಲಿ ಬಾವಿ ತೋಡಿದವರಿಗೆ ಇದರ ಉತ್ತರ ಅನುಭವದಿಂದಲೇ ಗೊತ್ತು. ಮಳೆಯ ನೀರು ಮರಳಿನಲ್ಲಿ ಇಂಗಿ ಕೆಳಗಿಳಿಯುತ್ತದೆ. ಕೆಳಗೆ ಮೊದಲೇ ಕಡಲ ನೀರು ತುಂಬಿಕೊಂಡಿದೆ. ಒಂದು ಲೀಟರ್ ಸಿಹಿನೀರಿನ ತೂಕ 1000 ಗ್ರಾಂ ಆದರೆ ಕಡಲ ನೀರಿನ ತೂಕ ಸುಮಾರು 1025 ಗ್ರಾಂ. ಹಗುರವಾದ ಸಿಹಿನೀರು ಭಾರದ ಉಪ್ಪುನೀರಿನ ಮೇಲೆ, ಮರಳಿನ ಕಣಗಳ ಸಂದಿಯಲ್ಲೇ ತೇಲಿಕೊಂಡು ನಿಲ್ಲುತ್ತದೆ. ಮರಳು ಎರಡನ್ನೂ ಕದಡಲು ಬಿಡುವುದಿಲ್ಲ. 19ನೇ ಶತಮಾನದ ಕೊನೆಗೆ ಡಚ್ ಎಂಜಿನಿಯರ್ ಗೈಬೆನ್, ಸ್ವಲ್ಪ ಕಾಲದ ನಂತರ ಜರ್ಮನಿಯ ಹೆರ್ಜ್‌ಬರ್ಗ್ ಇದರ ಲೆಕ್ಕ ಹಾಕಿದರು. ಸಿಹಿನೀರಿನ ಮಟ್ಟ ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಅದರ ಕೆಳಗೆ ಸುಮಾರು ನಲವತ್ತು ಅಡಿಯವರೆಗೂ ಸಿಹಿನೀರು ಇರಲು ಸಾಧ್ಯ. ಕಿರಿದಾದ ದ್ವೀಪದಲ್ಲಿ ಭರತ-ಇಳಿತಗಳು ಅಂಚನ್ನು ಕದಡುವುದರಿಂದ ವಾಸ್ತವದಲ್ಲಿ ಅಷ್ಟು ಸಿಗುವುದಿಲ್ಲ. ಆದರೂ ತಗ್ಗಿನ ಜಾಗಗಳಲ್ಲಿ ಕೆರೆ ಕುಂಟೆಯಾಗಿ ಅದು ಮೇಲಕ್ಕೆ ಕಾಣಿಸಿಕೊಳ್ಳುತ್ತದೆ. ಕುದುರೆಗಳು ಕುಡಿಯುವುದು ಆ ನೀರನ್ನು.

ಉತ್ತರ ಕೆರೊಲಿನಾದ ಶ್ಯಾಕಲ್‌ಫರ್ಡ್ ಬ್ಯಾಂಕ್ಸ್ ದ್ವೀಪದಲ್ಲೂ ಇಂಥದೇ ಕಾಡು ಕುದುರೆಗಳಿವೆ. ಅಲ್ಲಿ ಅವು ಮುಂಗಾಲಿನಿಂದ ಮರಳು ಕೆದರಿ ಗುಂಡಿ ತೋಡಿ ನೀರು ಕುಡಿಯುತ್ತವೆ. ಈ ವಿದ್ಯೆಯನ್ನು ಮರಿ ತಾಯಿಯ ಪಕ್ಕ ನಿಂತೇ ಕಲಿಯುತ್ತದೆ. ಬಿರುಗಾಳಿಯಲ್ಲಿ ಕಡಲು ದ್ವೀಪದ ಮೇಲೆ ಹರಿದಾಗ ಕುಂಟೆಗಳಿಗೆ ಉಪ್ಪು ಸೇರುತ್ತದೆ. ಮತ್ತೆ ಮಳೆ ಬಂದು ತೊಳೆಯುವವರೆಗೆ ಪ್ರಾಣಿಗಳಿಗೆ ಕಷ್ಟಕಾಲ. ಮೇವು ಕಟ್ಟಿಕೊಡುವ ಬಿರುಗಾಳಿಯೇ ನೀರನ್ನು ಕೆಡಿಸುತ್ತದೆ.

ಇಷ್ಟು ತಿಳಿದರೆ ನೋಡುವವರಿಗೆ ಒಂದು ಲೆಕ್ಕ ಸಿಗುತ್ತದೆ. ಕುದುರೆಯ ದಿನ ಎಂದರೆ ಜೌಗಿನ ಉಪ್ಪುಹುಲ್ಲಿಗೂ ಒಳಗಿನ ಸಿಹಿನೀರಿಗೂ ನಡುವಿನ ಓಡಾಟ. ತಂಪು ಹೊತ್ತಿನಲ್ಲಿ ಜೌಗಿನ ಅಂಚಿಗೆ ಬರುತ್ತವೆ. ಆಗ ದೋಣಿ ಅಲ್ಲಿರಬೇಕು.

ಜುಲೈ ತಿಂಗಳ ಕಾಟ

ಈ ಲೆಕ್ಕವನ್ನು ಬೇಸಿಗೆಯಲ್ಲಿ ತಲೆಕೆಳಗು ಮಾಡುವುದು ನೊಣ. ಹಸಿರು ಕಣ್ಣಿನ, ದಪ್ಪ ದೇಹದ ಒಂದು ಜಾತಿಯ ನೊಣ ಆ ಕರಾವಳಿಯ ಜೌಗಿನಲ್ಲೇ ಹುಟ್ಟುತ್ತದೆ. ಅಲ್ಲಿಯವರು ಅದನ್ನು ಗ್ರೀನ್‌ಹೆಡ್ ಎನ್ನುತ್ತಾರೆ. ಅದರ ಮರಿಹುಳ ಬೆಳೆಯುವುದು ಕುದುರೆ ಮೇಯುವ ಕೆಸರಿನಲ್ಲೇ. ಹೆಣ್ಣು ನೊಣ ಚರ್ಮವನ್ನು ಕತ್ತರಿಸಿ ರಕ್ತ ಹೀರುತ್ತದೆ. ಕಚ್ಚಿದರೆ ಬೆಂಕಿ ತಾಗಿಸಿದ ಹಾಗೆ ಉರಿ. ಜುಲೈನಲ್ಲಿ ಅದರ ಹಾವಳಿ ಅತಿ ಹೆಚ್ಚು. ಸೊಳ್ಳೆಯ ಕಾಟ ಬೇರೆ.

ಆಗ ಕುದುರೆಗಳು ಜೌಗು ಬಿಟ್ಟು ಗಾಳಿ ಇರುವ ಕಡೆ ಓಡುತ್ತವೆ. ಕಡಲಕರೆಯ ಬರಿ ಮರಳಿನ ಮೇಲೆ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತವೆ, ಅಲೆಗೆ ಇಳಿಯುತ್ತವೆ, ಇಲ್ಲವೇ ಹಿನ್ನೀರಿನಲ್ಲಿ ಹೊಟ್ಟೆ ಮುಳುಗುವಷ್ಟು ಆಳಕ್ಕೆ ಬಂದು ನಿಲ್ಲುತ್ತವೆ. ನೊಣ ಹೆಚ್ಚಾಗಿ ಕೂರುವುದು ಕಾಲಿಗೆ, ಹೊಟ್ಟೆಗೆ. ಅವೆರಡೂ ನೀರಿನೊಳಗೆ ಹೋದರೆ ಬಾಲದಿಂದ ಕಾಯಬೇಕಾದ ಮೈ ಅರ್ಧ ಕಡಿಮೆಯಾಯಿತು. ಎರಡು ಕುದುರೆಗಳು ಒಂದರ ತಲೆ ಇನ್ನೊಂದರ ಬಾಲದ ಕಡೆ ಇರುವಂತೆ ನಿಂತು, ಒಂದು ಇನ್ನೊಂದರ ಮುಖದ ಮೇಲಿನ ನೊಣ ಓಡಿಸುತ್ತ ಗಂಟೆಗಟ್ಟಲೆ ಕಳೆಯುವುದೂ ಉಂಟು. ಗುಂಪು ದೊಡ್ಡದಾದಷ್ಟೂ ಒಂದೊಂದು ಕುದುರೆಯ ಪಾಲಿಗೆ ಬರುವ ನೊಣ ಕಡಿಮೆ ಎಂಬುದನ್ನು ಕುದುರೆ ಅಧ್ಯಯನ ಮಾಡಿದವರು ಎಣಿಸಿ ನೋಡಿದ್ದಾರೆ.

ಇದು ತಿಳಿಯದ ಪ್ರವಾಸಿಗರು ನೀರಿನಲ್ಲಿ ನಿಂತ ಕುದುರೆ ಆಟವಾಡುತ್ತಿದೆ ಎಂದುಕೊಂಡು ಹತ್ತಿರ ದೋಣಿ ಒಯ್ಯುತ್ತಾರೆ. ಅದು ಆಟವಲ್ಲ, ನಿರಾಳವಾಗಿ ಉಸಿರಾಡಲು ಆ ದಿನ ಅದಕ್ಕೆ ಸಿಕ್ಕಿರುವ ಒಂದೇ ಜಾಗ. ನಾವು ಹೋಗಿ ಅದನ್ನು ಅಲ್ಲಿಂದ ಎಬ್ಬಿಸಿದರೆ ಅದು ವಾಪಸು ಹೋಗಬೇಕಾದದ್ದು ನೊಣದ ಬಾಯಿಗೆ. ದೋಣಿಯನ್ನು ದೂರವೇ ನಿಲ್ಲಿಸಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುವುದು ಈ ಕಾರಣಕ್ಕೆ.

ಮೇಯುವ ಕುದುರೆಯ ಸುತ್ತ ಬಿಳಿ ಹಕ್ಕಿಗಳು ಕಂಡರೆ ನಮ್ಮವರಿಗೆ ಗುರುತು ಸಿಕ್ಕೇ ಸಿಗುತ್ತದೆ. ಗದ್ದೆಯಲ್ಲಿ ಎಮ್ಮೆಯ ಹಿಂದೆ ಓಡಾಡುವ ಬೆಳ್ಳಕ್ಕಿಯ ಹತ್ತಿರದ ಬಳಗ ಅದು. 20ನೇ ಶತಮಾನದ ನಡುಭಾಗದಲ್ಲಿ ಆಫ್ರಿಕಾ ಮೂಲದಿಂದ ದಕ್ಷಿಣ ಅಮೆರಿಕದ ಮಾರ್ಗವಾಗಿ ಅಲ್ಲಿಗೆ ಬಂದು ನೆಲೆಸಿದ ಈ ಹಕ್ಕಿ, ಕುದುರೆಯ ಗೊರಸಿಗೆ ಎದ್ದ ಹುಳುಹುಪ್ಪಟೆಯನ್ನು ಹೆಕ್ಕುತ್ತದೆ.

ಎಲ್ಲಿಂದ ಬಂದವು

ದೋಣಿಯವರು ಹೇಳುವ ಕತೆ ಒಂದೇ. ಸ್ಪೇನ್‌ನ ಹಡಗೊಂದು ದಡದ ಬಳಿ ಒಡೆಯಿತು, ಅದರಲ್ಲಿದ್ದ ಕುದುರೆಗಳು ಈಜಿ ದಡ ಸೇರಿದವು. ಲಾ ಗಾಲ್ಗಾ ಎಂಬ ಸ್ಪ್ಯಾನಿಷ್ ಹಡಗು 1750ರಲ್ಲಿ ಅಸಾಟೀಗ್ ಬಳಿ ಒಡೆದದ್ದು ನಿಜ. ಕುದುರೆಗಳು ಅದರಿಂದಲೇ ಬಂದವೆಂಬುದಕ್ಕೆ ದಾಖಲೆ ಇಲ್ಲ. ದ್ವೀಪವನ್ನು ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನದ ಅಧಿಕಾರಿಗಳು ಒಪ್ಪುವ ವಿವರಣೆ ಕತೆಯಷ್ಟು ರೋಚಕವಲ್ಲ, ಆದರೆ ಹೆಚ್ಚು ನಂಬುವಂಥದ್ದು. 17ನೇ ಶತಮಾನದ ಕೊನೆಯಲ್ಲಿ ಮುಖ್ಯ ನೆಲದ ರೈತರಿಗೆ ದನಕರು, ಕುದುರೆಗಳಿಗೆ ಬೇಲಿ ಹಾಕಬೇಕು, ತೆರಿಗೆ ಕಟ್ಟಬೇಕು ಎಂಬ ಕಾನೂನು ಬಂತು. ದ್ವೀಪಕ್ಕೆ ಕಡಲೇ ಬೇಲಿ. ರೈತರು ಜಾನುವಾರುಗಳನ್ನು ಅಲ್ಲಿ ಬಿಟ್ಟರು. ಹಾಗೆ ಬಿಟ್ಟವುಗಳ ಸಂತತಿ ಇದು.

2022ರಲ್ಲಿ ಈ ಚರ್ಚೆಗೆ ಅನಿರೀಕ್ಷಿತವಾಗಿ ಒಂದು ಹಲ್ಲು ಸಿಕ್ಕಿತು. ಇಂದಿನ ಹೈಟಿಯಲ್ಲಿ ಪ್ಯುರ್ಟೊ ರಿಯಲ್ ಎಂಬ 16ನೇ ಶತಮಾನದ ಸ್ಪ್ಯಾನಿಷ್ ಊರಿನ ಅಗೆತದಲ್ಲಿ ದೊರೆತು, ಹಸುವಿನದೆಂದು ಎತ್ತಿಟ್ಟಿದ್ದ ಹಲ್ಲದು. ಫ್ಲೋರಿಡಾದ ಸಂಶೋಧಕರು ಡಿಎನ್‌ಎ ತೆಗೆದಾಗ ಅದು ಕುದುರೆಯ ಹಲ್ಲು ಎಂದು ತಿಳಿಯಿತು. ಇಂದು ಬದುಕಿರುವ ತಳಿಗಳಲ್ಲಿ ಅದಕ್ಕೆ ಅತ್ಯಂತ ಹತ್ತಿರದ್ದು ಅಸಾಟೀಗ್‌ನ ದಕ್ಷಿಣ ಭಾಗದ ಶಿಂಕಟೀಗ್ ಪೋನಿ. ಹಡಗು ಒಡೆದ ಕತೆ ಸಾಬೀತಾಯಿತು ಎಂದು ಹಲವರು ಬರೆದರು. ನನಗೆ ಹಾಗೆ ಅನ್ನಿಸುವುದಿಲ್ಲ. ಹೋಲಿಕೆ ಸಿಕ್ಕಿದ್ದು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ. ಈ ಪೋನಿಗಳ ತಾಯಿಯ ಕಡೆಯ ಬೇರು ಕೆರಿಬಿಯನ್‌ಗೆ ಬಂದ ಸ್ಪೇನ್‌ನ ಕುದುರೆಗಳಲ್ಲಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಅಂಥ ಕುದುರೆ ರೈತರ ಕೈ ದಾಟಿಯೂ ದ್ವೀಪಕ್ಕೆ ಬಂದಿರಬಹುದು, ಒಡೆದ ಹಡಗಿನಿಂದಲೂ ಬಂದಿರಬಹುದು.

ಒಂದು ಬೇಲಿ, ಎರಡು ಸಂಸಾರ

ಎರಡು ರಾಜ್ಯಗಳ ಗಡಿಯಲ್ಲಿ ದ್ವೀಪಕ್ಕೆ ಅಡ್ಡಲಾಗಿ ಒಂದು ಬೇಲಿ ಇದೆ. ಅದರ ಉತ್ತರದ ಕುದುರೆಗಳಿಗೂ ದಕ್ಷಿಣದ ಕುದುರೆಗಳಿಗೂ ರಕ್ತಸಂಬಂಧ ಒಂದೇ, ಬದುಕು ಬೇರೆ.

ಉತ್ತರದವು ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಯಾದ ನ್ಯಾಷನಲ್ ಪಾರ್ಕ್ ಸರ್ವಿಸ್‌ಗೆ ಸೇರಿದವು. ಇದರ ಹಿಂದೆಯೂ ಒಂದು ಬಿರುಗಾಳಿ ಇದೆ. 1950ರ ದಶಕದಲ್ಲಿ ಮೇರಿಲ್ಯಾಂಡ್ ಭಾಗವನ್ನು ಸಾವಿರಾರು ನಿವೇಶನಗಳಾಗಿ ವಿಂಗಡಿಸಿ ಮಾರುತ್ತಿದ್ದರು. 1962ರ ಮಾರ್ಚ್‌ನ ಬಿರುಗಾಳಿ ರಸ್ತೆಯನ್ನು, ಹೆಚ್ಚಿನ ಮನೆಗಳನ್ನು ಕೊಚ್ಚಿಹಾಕಿತು. ಈ ನೆಲದಲ್ಲಿ ಊರು ಕಟ್ಟಲಾಗದು ಎಂಬುದು ಮನದಟ್ಟಾಗಿ 1965ರಲ್ಲಿ ರಾಷ್ಟ್ರೀಯ ಕಡಲತೀರವೆಂದು ಘೋಷಿಸಿದರು. 1968ರಲ್ಲಿ ಉದ್ಯಾನದ ವಶಕ್ಕೆ ಬಂದಾಗ ಅಲ್ಲಿದ್ದದ್ದು 28 ಕುದುರೆ. ಮೂರು ದಶಕಗಳಲ್ಲಿ ಸಂಖ್ಯೆ 150 ದಾಟಿತು. ತೋಳವಿಲ್ಲ, ಕರಡಿಯಿಲ್ಲ, ಕಡಿಮೆ ಮಾಡುವವರೇ ಇಲ್ಲ. ಜೌಗಿನ ಹುಲ್ಲು, ಮರಳನ್ನು ಹಿಡಿದಿಡುವ ದಿಬ್ಬದ ಹುಲ್ಲು ಎರಡೂ ಕುದುರೆಯ ಹೊಟ್ಟೆಗೆ ಹೋಗತೊಡಗಿದವು. ದಿಬ್ಬ ಸಡಿಲವಾದರೆ ದ್ವೀಪವೇ ಸಡಿಲ.

ಅದಕ್ಕೆ ಕಂಡುಕೊಂಡ ಉಪಾಯ ಗರ್ಭನಿರೋಧಕ ಲಸಿಕೆ. ಸಂಶೋಧಕ ಜೇ ಕರ್ಕ್‌ಪ್ಯಾಟ್ರಿಕ್ ಮತ್ತು ಜೊತೆಯವರು ಈ ದ್ವೀಪದಲ್ಲೇ ಪರೀಕ್ಷೆ ಮಾಡಿದ ನಂತರ 1994ರಿಂದ ಅದು ನಿರ್ವಹಣೆಯ ಭಾಗವಾಯಿತು. ಹಂದಿಯ ಅಂಡಾಣುವಿನ ಹೊರಪದರದಿಂದ ತೆಗೆದ ಪ್ರೋಟೀನನ್ನು ಸಣ್ಣ ಡಾರ್ಟ್‌ನಲ್ಲಿ ತುಂಬಿ ದೂರದಿಂದ ಹೆಣ್ಣು ಕುದುರೆಯ ತೊಡೆಗೆ ಹೊಡೆಯುತ್ತಿದ್ದರು. ಅದರ ದೇಹ ಈ ಪ್ರೋಟೀನಿಗೆ ಪ್ರತಿಕಾಯ ತಯಾರಿಸುತ್ತದೆ. ಆ ಪ್ರತಿಕಾಯ ಕುದುರೆಯ ಸ್ವಂತ ಅಂಡಾಣುವಿನ ಪದರಕ್ಕೂ ಅಂಟಿಕೊಳ್ಳುವುದರಿಂದ ವೀರ್ಯಾಣುವಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಹಾರ್ಮೋನ್ ಕೊಡದ ಕಾರಣ ಬೆದೆ ಎಂದಿನಂತೆ ಬರುತ್ತದೆ. ಒಂದು ಗಂಡು, ಅದರ ಜೊತೆಗಿನ ಹೆಣ್ಣುಗಳು, ಮರಿಗಳು ಎಂಬ ಸಂಸಾರವೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಇದರಿಂದ ಇನ್ನೊಂದು ಒಳ್ಳೆಯದೂ ಆಯಿತು. ಪ್ರತಿ ವರ್ಷ ಗಬ್ಬ, ಬಾಣಂತನ, ಹಾಲೂಡಿಕೆಯಲ್ಲಿ ಸವೆಯುತ್ತಿದ್ದ ಹೆಣ್ಣು ಕುದುರೆಗಳು ಹಿಂದಿಗಿಂತ ಬಹಳ ವರ್ಷ ಬದುಕತೊಡಗಿದವು. ಸಂಖ್ಯೆಯನ್ನು 80ರಿಂದ 100ರ ಒಳಗೆ ಇಡುವುದು ಗುರಿ. ಸಂಖ್ಯೆ ಇಳಿದದ್ದರಿಂದ 2016ರಲ್ಲಿ ಲಸಿಕೆ ನಿಲ್ಲಿಸಿದರು. ಇದರಾಚೆಗೆ ಅವುಗಳ ತಂಟೆಗೆ ಯಾರೂ ಹೋಗುವುದಿಲ್ಲ. ಮೇವು ಹಾಕುವುದಿಲ್ಲ, ಸಾಮಾನ್ಯ ಕಾಯಿಲೆಗೆ ಔಷಧಿ ಕೊಡುವುದಿಲ್ಲ.

ದಕ್ಷಿಣದ ಕುದುರೆಗಳು ವರ್ಜೀನಿಯಾ ಕಡೆಯ ಪಕ್ಕದ ದ್ವೀಪದಲ್ಲಿರುವ ಶಿಂಕಟೀಗ್ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಸ್ವತ್ತು. ಅವು ಮೇಯುವುದು 1943ರಲ್ಲಿ ಹಕ್ಕಿಗಳಿಗಾಗಿ ಸ್ಥಾಪಿಸಿದ ಶಿಂಕಟೀಗ್ ವನ್ಯಜೀವಿಧಾಮದ ನೆಲದಲ್ಲಿ, ಪರವಾನಗಿ ಪಡೆದು. ವಯಸ್ಕ ಕುದುರೆಗಳ ಸಂಖ್ಯೆ 150 ಮೀರಬಾರದೆಂಬುದು ಷರತ್ತು. ಇಲ್ಲಿ ಲಸಿಕೆಯ ಬದಲು ಹರಾಜು. ವರ್ಷಕ್ಕೆ ಮೂರು ಸಲ ಎಲ್ಲವನ್ನೂ ಒಟ್ಟುಗೂಡಿಸಿ ಪಶುವೈದ್ಯರಿಂದ ತಪಾಸಣೆ ಮಾಡಿಸುತ್ತಾರೆ.

ಯಾವುದು ಸರಿ ಎಂದು ಕೇಳಿದರೆ ನನ್ನ ಮನಸ್ಸು ಉತ್ತರದ ಕಡೆಗೆ ವಾಲುತ್ತದೆ. ತಾಯಿಯಿಂದ ಮರಿಯನ್ನು ಬೇರೆ ಮಾಡದೆ ಸಂಖ್ಯೆ ಹಿಡಿತದಲ್ಲಿಡುವುದು ಸಾಧ್ಯ ಎಂದು ಅಲ್ಲಿ ತೋರಿಸಿಕೊಟ್ಟಿದ್ದಾರೆ. ಆದರೆ ಒಂದು ಸಣ್ಣ ಊರು ತನ್ನ ಕುದುರೆಗಳನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿರುವುದೂ ಸಣ್ಣ ಮಾತಲ್ಲ. ಕಾಯಿಲೆ ಬಿದ್ದಾಗ ನೋಡುವವರಿದ್ದಾರೆ ಎಂಬುದು ದಕ್ಷಿಣದ ಕುದುರೆಗಳಿಗಿರುವ ಭಾಗ್ಯ.

ಜುಲೈ ಕೊನೆಯ ಬುಧವಾರ

ನೀರಿನಿಂದ ಪೋನಿ ನೋಡುವುದೆಂದರೆ ಬಹಳ ಮಂದಿಗೆ ಈ ಒಂದು ದಿನವೇ. ಶಿಂಕಟೀಗ್ ಊರಿನಲ್ಲಿ ದೊಡ್ಡ ಬೆಂಕಿ ಅನಾಹುತಗಳಾದ ಮೇಲೆ ಅಗ್ನಿಶಾಮಕ ದಳ ಹುಟ್ಟಿತು. ಅದಕ್ಕೆ ಹಣ ಕೂಡಿಸಲು 1925ರಿಂದ ಪೋನಿಗಳ ಈಜು ಮತ್ತು ಹರಾಜನ್ನು ಜಾತ್ರೆಯಾಗಿ ನಡೆಸುತ್ತ ಬಂದಿದ್ದಾರೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಆಮೇಲೆ ಕೋವಿಡ್ ಕಾಲದ 2020 ಮತ್ತು 2021ರಲ್ಲಿ ಈಜು ನಿಂತಿತ್ತು.

ಈಜಿನ ಸಮಯ ಗಡಿಯಾರ ನೋಡಿ ಇಡುವಂಥದ್ದಲ್ಲ. ಅಸಾಟೀಗ್‌ಗೂ ಶಿಂಕಟೀಗ್‌ಗೂ ನಡುವಿನ ಕಾಲುವೆಯಲ್ಲಿ ಭರತದ ನೀರು ಒಳಗೆ, ಇಳಿತದ ನೀರು ಹೊರಗೆ ರಭಸದಿಂದ ಹರಿಯುತ್ತದೆ. ದಿಕ್ಕು ಬದಲಾಗುವ ಮುನ್ನ ಸ್ವಲ್ಪ ಹೊತ್ತು ನೀರು ಅಲುಗಾಡದೆ ನಿಲ್ಲುತ್ತದೆ. ಆಗ ಮಾತ್ರ ಮರಿಗಳು ಸೆಳೆತಕ್ಕೆ ಸಿಗದೆ ನೇರ ದಾಟಬಲ್ಲವು. ಆ ಹೊತ್ತು ಪ್ರತಿ ವರ್ಷ ಬೇರೆ. ಕುದುರೆ ಸವಾರರು ಪೋನಿಗಳನ್ನು ನೀರಿಗಿಳಿಸುತ್ತಾರೆ, ಐದು-ಹತ್ತು ನಿಮಿಷದಲ್ಲಿ ಎಲ್ಲವೂ ಆಚೆ ದಡ. ತೀರ ಎಳೆಯ ಮರಿಗಳನ್ನು, ಅವುಗಳ ತಾಯಂದಿರನ್ನು ವಾಹನದಲ್ಲಿ ಸಾಗಿಸುತ್ತಾರೆ. ಗುರುವಾರ ಮರಿಗಳ ಹರಾಜು. ಕೆಲವು ಮರಿಗಳನ್ನು ಕೊಂಡವರು ಹಣ ಕೊಟ್ಟು, ಮರಿಯನ್ನು ಮತ್ತೆ ದ್ವೀಪಕ್ಕೇ ಬಿಟ್ಟುಕೊಡುತ್ತಾರೆ. ಶುಕ್ರವಾರ ಹಿರಿಯ ಕುದುರೆಗಳು ಈಜಿಕೊಂಡು ಹಿಂತಿರುಗುತ್ತವೆ.

ಸಾವಿರಾರು ಜನ, ಸಾಲುಗಟ್ಟಿದ ದೋಣಿಗಳು, ಕಾವಲಿಗೆ ಕೋಸ್ಟ್ ಗಾರ್ಡ್. ಒಮ್ಮೆ ನೋಡುವಂಥ ಜಾತ್ರೆ ನಿಜ. ಕುದುರೆಯ ನಿತ್ಯದ ಬದುಕು ನೋಡಬೇಕೆನ್ನುವವರು ಆ ವಾರ ಬಿಟ್ಟು ಬೇರೆ ದಿನ ಹೋಗುವುದು ಒಳ್ಳೆಯದು.

ದೋಣಿಗೆ ಇಳಿಯುವ ಮುನ್ನ

ಮೇರಿಲ್ಯಾಂಡ್ ಕಡೆ ಬೇಸೈಡ್ ಮತ್ತು ಓಲ್ಡ್ ಫೆರಿ ಲ್ಯಾಂಡಿಂಗ್ ಎಂಬಲ್ಲಿ ಕಯಾಕ್ ನೀರಿಗಿಳಿಸಬಹುದು. ಬೇಸಿಗೆಯಲ್ಲಿ ಬಾಡಿಗೆಗೂ ಸಿಗುತ್ತದೆ. ಹುಟ್ಟು ಹಾಕಲು ಬಾರದವರು, ವಯಸ್ಸಾದವರು ಜೊತೆಗಿದ್ದರೆ ಶಿಂಕಟೀಗ್ ಊರಿನಿಂದ ಹೊರಡುವ ಚಪ್ಪಟೆ ತಳದ ಚಿಕ್ಕ ದೋಣಿಗಳೇ ಸರಿ. ಆಳವಿಲ್ಲದ ಜಾಗಕ್ಕೂ ಅವು ಹೋಗಬಲ್ಲವು, ದಾರಿ ತಿಳಿದ ಸ್ಥಳೀಯರು ನಡೆಸುತ್ತಾರೆ.

ನೀರಿನ ವಿಚಾರದಲ್ಲಿ ಒಂದು ಎಚ್ಚರ ಬೇಕು. ಅಳಿವೆಯ ಹತ್ತಿರ ಭರತ-ಇಳಿತದ ಸೆಳೆತ ಜೋರು. ಅಳಿವೆಯಿಂದ ದೂರ, ಕೊಲ್ಲಿಯ ನಡುಭಾಗದಲ್ಲಿ ಅದು ತೀರ ಕಡಿಮೆಯಾಗಿ, ನೀರಿನ ಮಟ್ಟವನ್ನು ಗಾಳಿಯೇ ಏರಿಳಿಸುತ್ತದೆ. ಬೆಳಗ್ಗೆ ಕನ್ನಡಿಯಂತಿದ್ದ ಹಿನ್ನೀರು ಮಧ್ಯಾಹ್ನದ ಗಾಳಿಗೆ ಸಣ್ಣ ಅಲೆಗಳಿಂದ ತುಂಬಿ ವಾಪಸು ಬರುವಾಗ ತೋಳು ಸೋಲಿಸುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋದರೆ ಬರುವಾಗ ಅದೇ ದೋಣಿಯನ್ನು ತಳ್ಳಿಕೊಡುತ್ತದೆ. ನೀರು ಇಳಿಯುವ ಹೊತ್ತಿನಲ್ಲಿ ಜೌಗಿನ ಸಣ್ಣ ತೋಡುಗಳ ಒಳಗೆ ಹೋಗಬೇಡಿ. ಕೆಸರಿನ ಮೇಲೆ ಕೂತರೆ ಮುಂದಿನ ಭರತದವರೆಗೂ ಅಲ್ಲೇ. ಲೈಫ್ ಜಾಕೆಟ್ ಧರಿಸಿಯೇ ಇರಬೇಕು, ಕುಡಿಯುವ ನೀರು ಧಾರಾಳವಾಗಿರಲಿ.

ಹಿನ್ನೀರು ದ್ವೀಪದ ಪಶ್ಚಿಮಕ್ಕೆ ಇರುವುದರಿಂದ ಸಂಜೆಯ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಕುದುರೆಯ ಮೈಮೇಲೆ ಬೆಳಕು ನೇರವಾಗಿ ಬೀಳುತ್ತದೆ. ಕಂದು-ಬಿಳಿ ಮಚ್ಚೆಗಳು ಒಂದೊಂದೂ ಬಿಡಿಸಿ ಕಾಣುತ್ತವೆ. ಮೇರಿಲ್ಯಾಂಡ್‌ನಲ್ಲಿ ಪ್ರತಿ ಕುದುರೆಗೂ ಅಕ್ಷರ ಮತ್ತು ಅಂಕಿಯ ಗುರುತು ಇದೆ. ಯಾವ ಕುದುರೆ ಯಾವುದೆಂದು ತಿಳಿಯುವುದು ಈ ಮಚ್ಚೆ, ಬಣ್ಣ ನೋಡಿಯೇ. ಬೆಳಗ್ಗೆ ಹೋದರೆ ಬೆಳಕು ಎದುರಿನಿಂದ ಬಂದು ಬರಿ ಕಪ್ಪು ಆಕೃತಿ ಸಿಗುತ್ತದೆ, ಆದರೆ ನೀರು ಶಾಂತವಾಗಿರುತ್ತದೆ.

ನೆಲದ ಮೇಲೆ ಕುದುರೆಯಿಂದ ಕನಿಷ್ಠ 40 ಅಡಿ, ಅಂದರೆ ಒಂದು ಬಸ್ಸಿನ ಉದ್ದದಷ್ಟು ದೂರ ಇರಬೇಕೆಂಬುದು ನಿಯಮ. ನೀರಿನ ಮೇಲೆ ಅದರ ಎರಡು ಮೂರು ಪಟ್ಟು ಬಿಟ್ಟರೂ ಬೈನಾಕ್ಯುಲರ್‌ನಲ್ಲಿ ಎಲ್ಲವೂ ಕಾಣುತ್ತದೆ. ಕುದುರೆಯ ಕಣ್ಣು ತಲೆಯ ಎರಡೂ ಪಕ್ಕಕ್ಕಿದ್ದು ತನ್ನ ಸುತ್ತಮುತ್ತ ಬಹುತೇಕ ಎಲ್ಲವನ್ನೂ ನೋಡಬಲ್ಲದು. ಹುಲ್ಲಿಗೆ ತಲೆ ಬಗ್ಗಿಸಿದ್ದರೂ ನಿಮ್ಮನ್ನು ಕಂಡಿರುತ್ತದೆ. ಮೇಯುವುದು ನಿಲ್ಲಿಸಿ ತಲೆ ಎತ್ತಿತೆಂದರೆ ನೀವು ಹತ್ತಿರ ಹೋದಿರಿ ಎಂದೇ ಅರ್ಥ. ಕಿವಿ ಹಿಂದಕ್ಕೆ ಅಂಟಿಸಿತೆಂದರೆ ಆಗಲೇ ತಡವಾಗಿದೆ. ಹುಟ್ಟನ್ನು ನಿಧಾನವಾಗಿ ಹಿಂದಕ್ಕೆ ಹಾಕಿ. ಒಂದು ನಡುಗಡ್ಡೆಯಿಂದ ಇನ್ನೊಂದಕ್ಕೆ ದಾಟುತ್ತಿರುವ ಗುಂಪಿನ ಮುಂದೆ, ತಾಯಿಗೂ ಮರಿಗೂ ನಡುವೆ ದೋಣಿ ತರಲೇಬೇಡಿ. ಡ್ರೋನ್ ಹಾರಿಸುವಂತಿಲ್ಲ. ದಕ್ಷಿಣದ ವನ್ಯಜೀವಿಧಾಮದ ದಡಕ್ಕೆ ಬೇಕಾದಲ್ಲಿ ದೋಣಿ ಹತ್ತಿಸುವಂತೆಯೂ ಇಲ್ಲ.

ತಿನ್ನಲು ಏನನ್ನೂ ಕೊಡಬೇಡಿ ಎಂದು ಬೇರೆಯಾಗಿ ಹೇಳಬೇಕು. ಮನುಷ್ಯರ ತಿಂಡಿಯ ರುಚಿ ಹತ್ತಿದ ಕುದುರೆ ರಸ್ತೆಗೆ ಬರುತ್ತದೆ, ಕಾರಿಗೆ ಸಿಕ್ಕಿ ಸಾಯುತ್ತದೆ. 2022ರಲ್ಲಿ ಮೇರಿಲ್ಯಾಂಡ್ ಭಾಗದ ಒಂದು ಗಂಡು ಕುದುರೆಯನ್ನು ದ್ವೀಪದಿಂದಲೇ ಹೊರಗೆ, ಟೆಕ್ಸಾಸ್‌ನ ಪ್ರಾಣಿಧಾಮಕ್ಕೆ ಕಳಿಸಬೇಕಾಯಿತು. ಕ್ಯಾಂಪಿನ ತಿಂಡಿಗೆ ಒಗ್ಗಿ ಜನರ ಮೇಲೆ ನುಗ್ಗತೊಡಗಿತ್ತು. ಹುಟ್ಟಿ ಬೆಳೆದ ಜೌಗನ್ನು ಅದು ಕಳೆದುಕೊಂಡದ್ದು ಕೈಯಲ್ಲಿ ತಿಂಡಿ ಹಿಡಿದು ಕರೆದವರ ಅಕ್ಕರೆಯಿಂದ.

ಎಳೆಮರಿಗಳನ್ನು ನೋಡುವ ಆಸೆಯಿದ್ದರೆ ಮೇ ಕೊನೆ ಇಲ್ಲವೇ ಜೂನ್ ಮೊದಲಿಗೆ ಹೋಗಿ; ಗ್ರೀನ್‌ಹೆಡ್ ಆಗಿನ್ನೂ ಎದ್ದಿರುವುದಿಲ್ಲ. ಶಾಲೆಯ ರಜೆಗೆ ಕಟ್ಟುಬೀಳದವರಿಗೆ ನಾನು ಸೆಪ್ಟೆಂಬರ್ ನಡುಭಾಗದಿಂದ ಅಕ್ಟೋಬರ್‌ವರೆಗಿನ ಸಮಯವನ್ನೇ ಹೇಳುತ್ತೇನೆ. ಆಗ ನೊಣ ಇಳಿದಿರುತ್ತದೆ, ಜನ ಕಡಿಮೆ, ನೀರು ಇನ್ನೂ ಬೆಚ್ಚಗಿರುತ್ತದೆ, ಕುದುರೆಗಳು ಹಗಲಿನಲ್ಲೂ ಜೌಗಿನಲ್ಲೇ ಮೇಯುತ್ತಿರುತ್ತವೆ. ಚಂಡಮಾರುತದ ಕಾಲವೂ ಅದೇ ಆದ್ದರಿಂದ ಹೊರಡುವ ಹಿಂದಿನ ದಿನ ಹವಾಮಾನ ನೋಡಿಕೊಳ್ಳಿ. ಗಾಳಿ ಜೋರಿದೆ ಎಂದು ಕಂಡರೆ ಮರುದಿನಕ್ಕೆ ಮುಂದೂಡಿ.